ಮರವಂತೆಯ ಬಾವಿ, ಚಂದ್ರಮತಿಯ ಕೆಮ್ಮು

ಕುಂದಾಪುರದ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಚಂದ್ರಮತಿ ಇಪ್ಪತ್ತೇಳು ವರ್ಷಗಳಿಂದ ಅಟೆಂಡರ್. ಸೇವಾ ಪುಸ್ತಕದ ಪ್ರಕಾರ ಆಕೆಯ ಕೆಲಸ ಗಾಜಿನ ಸಾಮಾನು ತೊಳೆಯುವುದು, ಒರೆಸುವುದು, ಒಡೆದದ್ದನ್ನು ಬರೆದಿಡುವುದು. ಸೇವಾ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಕೆಲಸವನ್ನೂ ಆಕೆ ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದಳು. ಅದು ಕೆಮ್ಮುವುದು.

ಟೈಟ್ರೇಶನ್ ಎಂಬುದು ಹನಿಯ ವ್ಯವಹಾರ. ಮೇಲೆ ಬ್ಯುರೆಟ್ ಎಂಬ ಗೆರೆಗೆರೆಯ ಗಾಜಿನ ಕೊಳವೆ, ಕೆಳಗೆ ಕುತ್ತಿಗೆ ಸಪೂರವಾದ ಫ್ಲಾಸ್ಕು. ಮೇಲಿನಿಂದ ಒಂದೊಂದೇ ಹನಿ ಬೀಳುತ್ತದೆ. ಯಾವುದೋ ಒಂದು ಹನಿಗೆ ಕೆಳಗಿನ ಬಣ್ಣ ತಿರುಗುತ್ತದೆ. ಆ ಹನಿಗೆ ನಿಲ್ಲಿಸಿದವರು ಪಾಸು, ಮತ್ತೆ ನಾಲ್ಕು ಹನಿ ಬಿಟ್ಟವರಿಗೆ ದೇವರೇ ಗತಿ. ಪರೀಕ್ಷೆಯ ದಿನ ಮಕ್ಕಳ ಕಣ್ಣು ಬಣ್ಣದ ಮೇಲೆ ಇರುವುದಿಲ್ಲ, ಹೊರಗಿನಿಂದ ಬಂದ ಪರೀಕ್ಷಕರ ಮೀಸೆಯ ಮೇಲಿರುತ್ತದೆ. ಆಗ ಪಕ್ಕದ ಮೇಜು ಒರೆಸುತ್ತಿದ್ದ ಚಂದ್ರಮತಿ ಒಮ್ಮೆ ಕೆಮ್ಮುತ್ತಾಳೆ. ‘ಸಾಕು, ನಿಲ್ಸ್’ ಎಂದು ಅದರ ಅರ್ಥ. ಈ ಒಂದು ಕೆಮ್ಮಿನಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಎಷ್ಟು ನರ್ಸುಗಳು, ಔಷಧಿ ಅಂಗಡಿಯವರು, ಎಂಜಿನಿಯರುಗಳು ದಡ ಸೇರಿದ್ದಾರೆ ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ವಿಭಾಗದ ಮುಖ್ಯಸ್ಥ ರವಿಚಂದ್ರ ಮೇಷ್ಟ್ರಿಗೆ ಮಾತ್ರ ಅನುಮಾನವಿತ್ತು. ಚಂದ್ರಮತಿ ರಜೆ ಹಾಕಿದ ದಿನ ಇಡೀ ತರಗತಿಯ ಉತ್ತರ ತಪ್ಪುತ್ತಿತ್ತು.

ಇಷ್ಟಾದರೂ ನಾಲ್ಕು ಜನರೆದುರು ಬ್ಯುರೆಟ್ಟಿನ ತಿರುಗುಣಿಗೆ ಆಕೆ ಕೈ ಹಾಕಿದವಳಲ್ಲ. ಮಕ್ಕಳು ಹೋದ ಮೇಲೆ ಉಳಿದ ದ್ರಾವಣದಲ್ಲಿ ತನ್ನ ಪಾಡಿಗೆ ಒಂದೆರಡು ಸಲ ಮಾಡಿ ನೋಡಿ, ಆಮೇಲೆ ತೊಳೆದಿಡುತ್ತಿದ್ದಳು. ಊಟ ಮಾಡಿದ ಪಾತ್ರೆ ತೊಳೆಯುವ ಮುಂಚೆ ಸಾರಿನ ರುಚಿ ನೋಡಿದ ಹಾಗೆ.

ಆಕೆಯ ಮನೆ ಮರವಂತೆಯಲ್ಲಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಹೆದ್ದಾರಿ, ಹೆದ್ದಾರಿಗೆ ತಾಗಿ ಮೂವತ್ತೆರಡು ಮನೆ, ಆ ಮೂವತ್ತೆರಡು ಮನೆಗೆ ಒಂದೇ ಬಾವಿ. ಚಂದ್ರಮತಿ ವಂಡ್ಸೆಯಿಂದ ಮದುವೆಯಾಗಿ ಬಂದವಳು. ಎರಡೂ ಕಡೆ ಉಪ್ಪುನೀರು ಕಂಡು, ಇನ್ನು ಜೀವಮಾನವಿಡೀ ಉಪ್ಪು ಕುಡಿಯಬೇಕಲ್ಲ ಎಂದು ದಿಬ್ಬಣದ ವ್ಯಾನಿನಲ್ಲೇ ಅತ್ತವಳು. ಹೊಸಿಲು ದಾಟಿದ ಕೂಡಲೇ ಅತ್ತೆ ಮಾಡಿದ ಮೊದಲ ಕೆಲಸ ಆಕೆಯನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋದದ್ದು. ಒಂದು ಕೊಡ ಎಳೆದು ಬೊಗಸೆಗೆ ಹೊಯ್ದು, “ಕುಡ್ದ್ ಕಾಣ್ ಹೆಣೆ. ಮತ್ತೆ ಬೇಕಾರೆ ಮರ್ಕ್” ಎಂದಿದ್ದರು. ಎಳನೀರಿನಂಥ ನೀರು. ಚಂದ್ರಮತಿ ಮತ್ತೆ ಅಳಲಿಲ್ಲ. ಅತ್ತೆ ಈಗಿಲ್ಲ, ಬಾವಿ ಇದೆ. ಆ ಬಾವಿಯನ್ನೇ ಮುಚ್ಚಲು ಹೊರಟದ್ದು ಈ ವರ್ಷದ ಮೇ ತಿಂಗಳಲ್ಲಿ.

ನಲ್ಲಿ ನೀರಿನ ಹೊಸ ಯೋಜನೆಗೆ ಊರಿನ ಬಾವಿಗಳನ್ನು ಪರೀಕ್ಷೆ ಮಾಡುತ್ತಾರೆ ಎಂದು ಸುದ್ದಿ ಬಂತು. ನೀರು ಸಮಿತಿಯ ಅಧ್ಯಕ್ಷರಾದ ಶಾಮರಾಯರು ಚುರುಕಾದರು. ಶಾಮರಾಯರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಮಿತಿಯ ಮೊಹರನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವವರು; ಮದುವೆಯ ಆಮಂತ್ರಣ ಕೊಟ್ಟರೂ ‘ಸ್ವೀಕರಿಸಿದೆ’ ಎಂದು ಅದರ ಮೇಲೊಂದು ಮೊಹರು ಒತ್ತುವವರು. ಅಧಿಕಾರಿಗಳು ಬರುವ ಮೊದಲು ಬಾವಿಯ ಕೆಸರು ತೆಗೆಸಿ, ಕಟ್ಟೆಗೆ ಸುಣ್ಣ ಬಳಿಸಿ, ಹಗ್ಗ ಬದಲಿಸಿ, ಬಾವಿಯನ್ನು ಹೆಣ್ಣು ನೋಡಲು ಬರುವವರ ಎದುರು ಕೂರಿಸುವಷ್ಟು ಸಿಂಗಾರ ಮಾಡಿದರು. ಆ ವಾರ ಚಂದ್ರಮತಿಗೆ ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ. ಬಾವಿಯ ಕೆಲಸದ ಹತ್ತಿರ ಸುಳಿಯಲು ಪುರುಸೊತ್ತಾಗಲಿಲ್ಲ.

ಬುಧವಾರ ತಾಲೂಕಿನ ಲ್ಯಾಬಿನಿಂದ ನಿಖಿತಾ ಎಂಬ ಹುಡುಗಿ ಬಂದಳು. ಬಾಟಲಿಗೆ ಕಲ್ಲು ಕಟ್ಟಿ ಬಾವಿಯ ತಳದವರೆಗೆ ಇಳಿಸಿ ನೀರು ತೆಗೆದುಕೊಂಡು ಹೋದಳು. ಶುಕ್ರವಾರ ವರದಿ ಬಂತು. ಕ್ಲೋರೈಡ್, ಅಂದರೆ ನೀರಿನಲ್ಲಿರುವ ಉಪ್ಪಿನ ಅಂಶ, ಲೀಟರಿಗೆ ಇನ್ನೂರೈವತ್ತು ಮಿಲಿಗ್ರಾಮಿನ ಒಳಗಿರಬೇಕು. ಬೇರೆ ನೀರೇ ಇಲ್ಲವೆಂದರೆ ಸಾವಿರದವರೆಗೆ ಸಹಿಸಿಕೊಳ್ಳಬಹುದು. ಮರವಂತೆಯ ಬಾವಿಯಲ್ಲಿ ಎರಡು ಸಾವಿರದ ಎಂಟುನೂರ ನಲವತ್ತು.

ಅದೇ ಸಂಜೆ ಶಾಮರಾಯರು ಸುಣ್ಣ ಬಳಿದ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಅಡ್ಡಗೀಟು ಬರೆಸಿದರು. ನೆರೆದವರಿಗೆ ಭಾಷಣವನ್ನೂ ಮಾಡಿದರು.

“ಸಮುದ್ರರಾಜನು ನಮ್ಮ ಬಾವಿಯನ್ನು ಕೈವಶ ಮಾಡಿಕೊಂಡಿದ್ದಾನೆ. ಪ್ರಕೃತಿಯ ಮುಂದೆ ನಾವು ತೃಣ ಸಮಾನರು. ಸೋಮವಾರ ಹತ್ತು ಗಂಟೆಗೆ ಇಲ್ಲೇ ಸಭೆ. ಬಾವಿಗೆ ಮರಳು ತುಂಬಿಸಿ ಮುಚ್ಚಿ, ಅದರ ಮೇಲೆ ಟ್ಯಾಂಕರ್ ನೀರಿನ ಟ್ಯಾಂಕಿ ಕೂರಿಸುವುದು ಎಂದು ನಿರ್ಣಯ.”

“ನಿನ್ನೆವರೆಗೂ ಇದೇ ನೀರ್ ಕುಡ್ದಿತ್, ಚಪ್ಪೆಯೇ ಇತ್ತಲೆ ಮರಾಯ್ರೆ” ಎಂದಳು ನೆರೆಮನೆಯ ಸುಗುಣ.

“ಅದು ಮೇಲಿನ ನೀರು. ಶತ್ರು ತಳದಲ್ಲಿ ಬಂದು ಕೂತಿದ್ದಾನೆ. ನನಗೆ ಮೊದಲೇ ಸಂಶಯವಿತ್ತು” ಎಂದರು ಶಾಮರಾಯರು. ಟ್ಯಾಂಕಿಯ ಉದ್ಘಾಟನಾ ಫಲಕದ ಒಕ್ಕಣೆ ಆಗಲೇ ಅವರ ಜೇಬಿನಲ್ಲಿ ಮೊಹರಿನ ಪಕ್ಕದಲ್ಲಿತ್ತು. ಅದರಲ್ಲಿ ಅವರ ಹೆಸರು ಮೂರು ಸಲ ಬರುತ್ತಿತ್ತು.

ಚಂದ್ರಮತಿ ರಾತ್ರಿಯ ಅನ್ನಕ್ಕೆ ಅಕ್ಕಿ ತೊಳೆಯುತ್ತಾ ಯೋಚಿಸಿದಳು. ಕಡಲು ಇವತ್ತು ಹುಟ್ಟಿದ್ದಲ್ಲ. ಕಡಲ್ಕೊರೆತದಲ್ಲಿ ಅರ್ಧ ತೆಂಗಿನ ತೋಪು ಹೋದ ವರ್ಷವೂ ಬಾವಿಗೆ ಉಪ್ಪು ಬಂದಿರಲಿಲ್ಲ. ಕೆಸರು ತೆಗೆದ ವಾರವೇ ಸಮುದ್ರರಾಜನಿಗೆ ದಾರಿ ಸಿಕ್ಕಿತೇ? ಹಾಗಾದರೆ ಸಿಕ್ಕಲಿ, ಅದನ್ನೂ ನೋಡಿಬಿಡೋಣ. ಫೋನು ತೆಗೆದು ರವಿಚಂದ್ರ ಮೇಷ್ಟ್ರಿಗೆ ಮಾಡಿದಳು.

“ಸಾರ್, ಒಂದ್ ಬ್ಯುರೆಟ್, ಸ್ವಲ್ಪ ಸಿಲ್ವರ್ ನೈಟ್ರೇಟ್, ಕ್ರೋಮೇಟ್ ಬೇಕಿತ್. ಸೋಮವಾರ ವಾಪಸ್ ತಂದಿಡ್ತೆ.”

ಮೇಷ್ಟ್ರು ಎಲ್ಲವನ್ನೂ ಕೇಳಿದರು. “ಬೆಳಿಗ್ಗೆ ಬನ್ನಿ, ನಾನೇ ದ್ರಾವಣ ಮಾಡಿ ಕೊಡುತ್ತೇನೆ. ಬೆಳ್ಳಿಯ ಔಷಧ, ಚೆಲ್ಲಬೇಡಿ. ಮತ್ತೆ ಚಂದ್ರಮತಿ, ಇಷ್ಟು ವರ್ಷ ಕೆಮ್ಮಿದ್ದು ಸಾಕು. ಈ ಸಲ ಬಾಯಿ ಬಿಟ್ಟು ಹೇಳಿ.”

ಚಂದ್ರಮತಿಗೆ ಕಿವಿಯವರೆಗೂ ಬಿಸಿಯಾಯಿತು. ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು!

ಶನಿವಾರ ಒಂಬತ್ತು ಗಂಟೆಗೆ ಬಾವಿಕಟ್ಟೆಯ ಪಕ್ಕ ಬೆಂಚು ಬಂತು, ಸ್ಟ್ಯಾಂಡು ಬಂತು, ಸ್ಟ್ಯಾಂಡಿಗೆ ಬ್ಯುರೆಟ್ ಬಂತು. ಚಂದ್ರಮತಿ ಹೇಳಿದಂತೆ ಪಂಪ್‌ಸೆಟ್ ಹಿಡಿದು ಬಂದ ನೆರೆಯ ದುಗ್ಗಪ್ಪ ಇದನ್ನು ಕಂಡು ನಿಂತುಬಿಟ್ಟ.

“ಹ್ವಾಯ್ ಚಂದ್ರಕ್ಕ, ಇದೆಂತ ಮರಾಯ್ರೆ? ಬಾವಿಗೆ ಗ್ಲೂಕೋಸ್ ಕೊಡೂದಾ?”

“ಇಲ್ಲೆ, ಅದ್ರ ರಕ್ತ ಪರೀಕ್ಷೆ. ನೀ ದೂರ ನಿಲ್ಲ್. ನಿನ್ ಬೆವ್ರ್ ಒಂದ್ ಹನಿ ಬಿದ್ರೂ ಬಾವಿ ಫೇಲ್.”

ತಳದ ನೀರು ತೆಗೆದು ಫ್ಲಾಸ್ಕಿಗೆ ಹಾಕಿದಳು. ಕ್ರೋಮೇಟ್ ಬಿಟ್ಟಾಗ ನೀರು ಅರಿಸಿನದ ಬಣ್ಣಕ್ಕೆ ಬಂತು. ತಿರುಗುಣಿ ತಿರುಗಿಸಿದಳು. ಹನಿ ಬಿದ್ದಲ್ಲೆಲ್ಲ ಒಂದು ಕೆಂಪು ಮಿಂಚು ಕಂಡು ಮಾಯವಾಗುತ್ತದೆ. ಉಪ್ಪು ಇರುವಷ್ಟು ಹೊತ್ತು ಅದು ಬೆಳ್ಳಿಯನ್ನು ಹಿಡಿದು ನುಂಗುತ್ತದೆ. ಉಪ್ಪು ಮುಗಿದ ಕ್ಷಣ ಕೆಂಪು ಮಾಯವಾಗದೆ ನಿಲ್ಲುತ್ತದೆ. ಬ್ಯುರೆಟ್ ಇಡೀ ಖಾಲಿಯಾಯಿತು, ಅರಿಸಿನ ಅರಿಸಿನವೇ. ಚಂದ್ರಮತಿ ತಲೆ ಕೊಡವಿ, ಭಟ್ಟಿಯಿಳಿಸಿದ ಶುದ್ಧ ನೀರು ಸೇರಿಸಿ ಹತ್ತು ಪಟ್ಟು ತೆಳು ಮಾಡಿ, ಮತ್ತೆ ಶುರು ಮಾಡಿದಳು. ಇಪ್ಪತ್ತೇಳರ ಗೆರೆ ದಾಟಿದ ಮೇಲೆ ಇಟ್ಟಿಗೆಯ ಬಣ್ಣ ಬಂದು ನಿಂತಿತು.

“ಅರ್ಶಿನಕ್ಕೆ ಸುಣ್ಣ ಬಿದ್ದಾಂಗೆ ಆಯ್ತಲೆ!” ಎಂದಳು ಸುಗುಣ. “ಎಂತ ಬಂತ್ ಅಕ್ಕ?”

“ಎರಡ್ ಸಾವಿರದ ಏಳ್ನೂರ ನಲ್ವತ್. ಆ ಹುಡ್ಗಿ ಹೇಳಿದ್ದ್ ಸಮಾ ಇತ್ತ್.”

ಎಲ್ಲರ ಮುಖ ಇಳಿಯಿತು. ಚಂದ್ರಮತಿಯದು ಇಳಿಯಲಿಲ್ಲ. “ಈಗ ನೀರ್ ಪೂರಾ ತೆಗೂದ್. ಕಡ್ಲೇ ಬಂದದ್ದಾರೆ, ಎಳ್ದಷ್ಟೂ ಒಳ್ಗಿಂದ ಉಪ್ಪ್ ಜಾಸ್ತಿ ಬತ್ತ್. ಬಾವಿಯೊಳ್ಗೆ ಮಾತ್ರ ಇಪ್ಪ ಉಪ್ಪಾರೆ, ಎಳ್ದಷ್ಟೂ ಕಮ್ಮಿ ಆತ್ತ್. ದುಗ್ಗಪ್ಪ, ಪೈಪ್ ಕಡ್ಲ್ ಬದಿಗೆ ಬಿಡ್. ಇಲ್ಲೇ ಬಿಟ್ರೆ ಹೋದದ್ದೇ ತಿರ್ಗಿ ಬತ್ತ್.”

ಮಧ್ಯಾಹ್ನ ತಳದಲ್ಲಿ ಒಂದಿಷ್ಟು ಕಲಕುನೀರು ಮಾತ್ರ ಉಳಿಯುವಷ್ಟು ಬಾವಿ ಬತ್ತಿಸಿ, ಹೊಸ ನೀರು ಬಂದ ಮೇಲೆ ನೋಡಿದರೆ ಒಂಬೈನೂರ ಹತ್ತು. ಮತ್ತೆ ಬತ್ತಿಸಿದರು. ಸೂರ್ಯ ಕಡಲಿಗೆ ಇಳಿಯುವ ಮೊದಲು ನಾನೂರ ಇಪ್ಪತ್ತು. ಅಷ್ಟು ಹೊತ್ತಿಗೆ ಬಾವಿಕಟ್ಟೆಯ ಸುತ್ತ ಕ್ರಿಕೆಟ್ ನೋಡುವಷ್ಟು ಜನ. ಪ್ರತಿ ಅಂಕಿಗೂ ಒಂದು ಬೊಬ್ಬೆ.

ಬೊಬ್ಬೆ ಕೇಳಿ ಶಾಮರಾಯರು ಬಂದರು. ಸಮಿತಿಯ ಅಪ್ಪಣೆಯಿಲ್ಲದೆ ಸಮಿತಿಯ ಬಾವಿಯಲ್ಲಿ ವಿಜ್ಞಾನ ನಡೆಯುತ್ತಿರುವುದು ಅವರಿಗೆ ಸರಿಕಾಣಲಿಲ್ಲ. “ಇದೇನು ದ್ರವ?” ಎಂದು ಬ್ಯುರೆಟ್ಟಿನ ಪಕ್ಕದ ಬೀಕರಿಗೆ ತೋರುಬೆರಳು ಅದ್ದಿ, ರುಚಿ ನೋಡಲು ಬಾಯಿಯ ಹತ್ತಿರ ತಂದರು.

“ಅಯ್ಯೋ, ನಾಲ್ಗಿಗ್ ತಾಗ್ಸ್ಬೇಡಿ!” ಚಂದ್ರಮತಿ ಅವರ ಕೈಗೆ ಪಟಾರನೆ ಒಂದು ಹೊಡೆದಳು. ಅಧ್ಯಕ್ಷರ ಕೈಗೆ ಸಾರ್ವಜನಿಕವಾಗಿ ಪೆಟ್ಟು ಬಿದ್ದದ್ದು ಮರವಂತೆಯಲ್ಲಿ ಅದೇ ಮೊದಲು. “ತೊಳ್ಕಣಿ. ಬೆಳ್ಳಿ ಔಷಧ, ನಾಳಿಗ್ ಕಪ್ಪಾತ್ತ್.”

“ನನಗೆ ಯಾವುದೂ ಕಪ್ಪಾಗುವುದಿಲ್ಲ” ಎಂದು ಶಾಮರಾಯರು ಬೆರಳನ್ನು ಪಂಚೆಗೆ ಒರೆಸಿಕೊಂಡು ಹೊರಟರು.

ಭಾನುವಾರ ಬೆಳಿಗ್ಗೆ ಚಂದ್ರಮತಿ ಉಬ್ಬಿದ ಮನಸ್ಸಿನಿಂದ ತಿರುಗುಣಿ ತಿರುಗಿಸಿದಳು. ಹನಿ ಬೀಳುತ್ತಲೇ ಇತ್ತು, ಬಣ್ಣ ತಿರುಗಲಿಲ್ಲ. ಕೊನೆಗೆ ಬಂದದ್ದು ಆರುನೂರ ನಲವತ್ತು. ರಾತ್ರಿಯಿಡೀ ಯಾರೂ ಮುಟ್ಟದ ಬಾವಿಯಲ್ಲಿ ಉಪ್ಪು ಏರಿತ್ತು.

“ನಾನು ಹೇಳಲಿಲ್ಲವೇ?” ಶಾಮರಾಯರು ಎಡಗೈಯನ್ನು ಮಾತ್ರ ಆಡಿಸುತ್ತಾ ಹೇಳಿದರು, ಬಲಗೈ ಜುಬ್ಬಾದ ಜೇಬಿನಲ್ಲಿತ್ತು. “ಉಬ್ಬರದ ಹೊತ್ತಿಗೆ ಸಮುದ್ರರಾಜ ಪುನಃ ದಾಳಿ ಮಾಡಿದ್ದಾನೆ. ನಾಳೆ ಮರಳಿನ ಲಾರಿ ಬರುತ್ತದೆ.”

ಚಂದ್ರಮತಿ ತಿರುಗುಣಿ ಮುಚ್ಚಿ ಬೆಂಚಿನ ತುದಿಯಲ್ಲಿ ಕುಳಿತಳು. ಮೂವತ್ತೆರಡು ಮನೆಯವರು ತನ್ನ ಮುಖ ನೋಡುತ್ತಿದ್ದಾರೆ. ಅತ್ತೆ ಹೊಯ್ದ ಆ ಬೊಗಸೆ ನೀರು ನೆನಪಾಯಿತು. ನೆನಪಿನ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಲ್ಯಾಬಿನಲ್ಲಿ ಉತ್ತರ ತಪ್ಪಿದರೆ ರವಿಚಂದ್ರ ಮೇಷ್ಟ್ರು ಮಕ್ಕಳಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ನೀರು ಎಲ್ಲಿಂದ ತೆಗೆದೆ?’

“ದುಗ್ಗಪ್ಪ, ಮೊಣ್ಕಾಲ್ ನೀರ್ ಉಳಿವಷ್ಟ್ ತೆಗಿ” ಎಂದು ಎದ್ದಳು.

ಕಲ್ಲು ಕಟ್ಟಿದ ಬಾಟಲಿಯನ್ನು ಈ ಸಲ ನಾಲ್ಕೂ ದಿಕ್ಕಿಗೆ ಒಂದೊಂದು ಸಲ ಇಳಿಸಿದಳು. ನಾಲ್ಕು ಫ್ಲಾಸ್ಕು, ನಾಲ್ಕು ಲೆಕ್ಕ. ಕಡಲಿನ ಬದಿಯ ಮೂಲೆ, ನೂರ ಹತ್ತು. ಹೊಳೆಯ ಬದಿಯ ಮೂಲೆ, ನೂರ ಮೂವತ್ತು. ತೆಂಕು, ನೂರ ತೊಂಬತ್ತು. ಬಡಗು ಮೂಲೆ, ಎರಡು ಸಾವಿರದ ನಾನೂರು.

ಚಂದ್ರಮತಿ ಎದ್ದು ನಿಂತಳು. ದನಿ ತನಗೇ ಹೊಸತೆನಿಸುವಷ್ಟು ದೊಡ್ಡದಾಗಿ ಬಂತು. “ಅಧ್ಯಕ್ಷರೆ, ಕಡ್ಲ್ ಪಡೂಬದಿ. ಹೊಳಿ ಮೂಡ್ಬದಿ. ಉಪ್ಪ್ ಬಪ್ಪದ್ ಬಡಗ್ ಬದಿಯಿಂದ. ಬಡಗ್ ಬದಿ ಎಂತ ಇತ್ತ್?”

“ನನ್ ದನಿನ್ ಹಟ್ಟಿ” ಎಂದ ದುಗ್ಗಪ್ಪ ಗಾಬರಿಯಿಂದ. “ದೇವ್ರಾಣೆ, ನನ್ ದನ ಉಪ್ಪ್ ಹಾಕತ್ತಿಲ್ಲೆ!”

“ದನ ಅಲ್ಲ ಮರಾಯ. ಯಾರೋ ಮೇಲಿಂದ ಹಾಕದ್ದ್. ಅದ್ ಇನ್ನೂ ಪೂರಾ ಕರ್ಗಿಲ್ಲೆ, ಆ ಮೂಲ್ಯಂಗೇ ಕೂತಿತ್ತ್.”

ಶಾಮರಾಯರ ಮುಖ ಕೆಂಪಾಯಿತು. “ಅಂದರೆ ಪಿತೂರಿ! ಸಾರ್ವಜನಿಕ ಬಾವಿಗೆ ಉಪ್ಪು ಸುರಿದ ದ್ರೋಹಿ ನಮ್ಮ ನಡುವೆ ಇದ್ದಾನೆ! ಅವನು ಯಾರೇ ಆಗಲಿ, ಎಷ್ಟೇ ದೊಡ್ಡ ಮನುಷ್ಯನಾಗಲಿ, ನಾನು ಬಿಡುವವನಲ್ಲ. ಪೊಲೀಸ್ ದೂರು ಈಗಲೇ ಬರೆಯುತ್ತೇನೆ.” ನಿಜಕ್ಕೂ ಕಾಗದ ತೆಗೆದರು. ಬರೆಯುವ ಮೊದಲೇ ಎಡಗೈಯಿಂದ ಕೆಳಗೆ ಮೊಹರು ಒತ್ತಿದರು.

ಅಷ್ಟರಲ್ಲಿ ಬಾವಿ ಇಳಿಯುವ ಸೂರ ಬಂದ. ಕೆಸರು ತೆಗೆದವನೂ ಅವನೇ. ಆಮೇಲೆ ನಾಲ್ಕು ದಿನ ಹಟ್ಟಿಯಂಗಡಿಯ ಬಾವಿಗಳಲ್ಲಿ ಇದ್ದವನಿಗೆ ಇಲ್ಲಿಯ ರಾಮಾಯಣ ಒಂದೂ ಗೊತ್ತಿರಲಿಲ್ಲ. ಬೆಳಿಗ್ಗೆ ಉಪ್ಪು ಏರಿದ್ದು ಕಂಡಾಗಲೇ ಸುಗುಣ ಫೋನು ಮಾಡಿ ಕರೆಸಿದ್ದಳು, ಈಗ ಬಡಗು ಮೂಲೆಗೆ ಇಳಿ ಎಂದಳು. ಸೂರ ಇಳಿದ, ಮುಳುಗು ಹಾಕಿದ, ಹಗ್ಗ ಅಲ್ಲಾಡಿಸಿದ. ಎಳೆದರೆ ಮೇಲೆ ಬಂದದ್ದು ಒಂದು ಪ್ಲಾಸ್ಟಿಕ್ ಮೂಟೆ. ಮೂಟೆಯ ಮೇಲೆ ‘ಹರಳುಪ್ಪು, ೨೫ ಕೆ.ಜಿ.’ ಒಳಗೆ ತೆಂಗಿನಕಾಯಿ ಗಾತ್ರದ, ಅರ್ಧ ಕರಗಿದ ಉಪ್ಪಿನ ಗಟ್ಟಿ.

“ಸಾಕ್ಷಿ!” ಶಾಮರಾಯರು ಕೂಗಿದರು. “ಯಾರೂ ಮುಟ್ಟಬೇಡಿ! ಈ ಮೂಟೆ ಯಾರದ್ದೆಂದು ಪತ್ತೆಯಾಗಬೇಕು!”

ಸೂರ ಮೆಟ್ಟಿಲಿನಲ್ಲಿ ನೀರು ಸುರಿಸುತ್ತಾ ನಿಂತು ಅವರನ್ನೇ ನೋಡಿದ. “ಎಂತ ಪತ್ತಿ ಮಾಡೂದ್ ಒಡೇರೆ? ಅದ್ ನೀವ್ ಕೊಟ್ಟ ಮೂಟಿ ಅಲ್ದಾ? ನೀರ್ ಸೊಂಟದಷ್ಟ್ ಬಂದ್ಮೇಲೆ ಇಳ್ಸಿ ಬಾಯ್ ಬಿಚ್ಚ್ ಅಂತ ಹೇಳಿರಲೆ. ಯಾರಿಗೂ ಹೇಳ್ಬೇಡ ಅಂದದ್ದಕ್ಕೆ ನಾ ಹೆಂಡ್ತಿಗೂ ಹೇಳ್ಲಿಲ್ಲೆ.”

ಎಲ್ಲರ ಕಣ್ಣೂ ಮೂಟೆಯಿಂದ ಶಾಮರಾಯರ ಕಡೆಗೆ ತಿರುಗಿತು.

ಕೆಸರು ತೆಗೆದ ಬಾವಿಗೆ ನೀರು ಶುದ್ಧವಾಗಲೆಂದು ಒಂದು ಹಿಡಿ ಉಪ್ಪು, ನಾಲ್ಕು ತುಂಡು ಇದ್ದಿಲು ಹಾಕುವುದು ಇಲ್ಲಿ ಹಿಂದಿನಿಂದ ಬಂದ ರೂಢಿ. ಆದರೆ ಒಂದು ಹಿಡಿ ಉಪ್ಪು ಎಲ್ಲರೂ ಹಾಕುವಂಥದ್ದು. ಅಧಿಕಾರಿಗಳು ಪರೀಕ್ಷೆಗೆ ಬರುವಾಗ, ಅದರಲ್ಲೂ ಅಧ್ಯಕ್ಷರ ಕೈಯಿಂದ ಬೀಳುವಾಗ, ಒಂದು ಹಿಡಿ ಸಾಲುತ್ತದೆಯೇ? ಅಕ್ಕಪಕ್ಕದ ಊರಿನವರಿಗೆ ಈ ಉಪಾಯ ತಿಳಿಯಬಾರದೆಂದು ಗುಟ್ಟಾಗಿ ಮೂಟೆಯನ್ನೇ ಇಳಿಸಿದ್ದ ಶಾಮರಾಯರಿಗೆ, ಕಡಲನ್ನೂ ದ್ರೋಹಿಯನ್ನೂ ಹುಡುಕುವ ಭರದಲ್ಲಿ ಅದರ ನೆನಪೇ ಆಗಿರಲಿಲ್ಲ.

“ಅದು... ಅದು ಉಪ್ಪಲ್ಲ” ಎಂದರು ಶಾಮರಾಯರು. “ಅದು ಶುದ್ಧೀಕರಣ.”

ಮೊದಲು ನಕ್ಕದ್ದು ಸುಗುಣ. ಆಮೇಲೆ ದುಗ್ಗಪ್ಪ ಪಂಪ್‌ಸೆಟ್ಟನ್ನು ತಬ್ಬಿಕೊಂಡು ನಕ್ಕ. ಹೆದ್ದಾರಿಯಲ್ಲಿ ಹೋಗುತ್ತಿದ್ದ ಕೊಲ್ಲೂರಿನ ಬಸ್ಸು ಏನಾಯಿತೆಂದು ನಿಧಾನ ಮಾಡಿತು. ಮೊಹರು ಒತ್ತಿದ ಖಾಲಿ ಕಾಗದವನ್ನು ಶಾಮರಾಯರು ಮೆಲ್ಲನೆ ಮಡಚಿದರು. ಆ ಗಡಿಬಿಡಿಯಲ್ಲಿ ಬಲಗೈ ಹೊರಗೆ ಬಂತು; ತೋರುಬೆರಳು ಬುಡದವರೆಗೂ ಕಪ್ಪಾಗಿತ್ತು. ಇಳಿಯತೊಡಗಿದ್ದ ನಗು ಮತ್ತೆ ಎದ್ದಿತು.

ಆ ದಿನ ಇನ್ನೆರಡು ಸಲ ಬಾವಿ ಬತ್ತಿಸಿದರು. ಮೊದಲ ಸಲ ನೂರ ಇಪ್ಪತ್ತು, ಎರಡನೆಯ ಸಲ ಅರವತ್ತರ ಆಸುಪಾಸು.

ಸೋಮವಾರ ಹತ್ತು ಗಂಟೆಗೆ ಸಭೆ ಸೇರಿತು. ಮರಳಿನ ಲಾರಿಯೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ರಸ್ತೆಯ ಬದಿಗೆ ನಿಂತಿತು. ಚಂದ್ರಮತಿಯ ಫೋನಿನ ಮೇರೆಗೆ ನಿಖಿತಾ ತನ್ನದೇ ಪೆಟ್ಟಿಗೆ, ತನ್ನದೇ ಬ್ಯುರೆಟ್ ತಂದಿದ್ದಳು. “ನನ್ನ ಲೆಕ್ಕ ಅಂದು ತಪ್ಪಿರಲಿಲ್ಲ” ಎಂದಳು.

“ತಪ್ಪಿರಲಿಲ್ಲ. ನಾನೂ ಮಾಡಿ ಕಂಡಿದೆ, ಸಮಾ ಇತ್ತ್” ಎಂದಳು ಚಂದ್ರಮತಿ. “ಪದ್ಧತಿ ಪ್ರಕಾರ ಒಂದ್ ಹಿಡಿ ಉಪ್ಪ್ ಹಾಕಿದ್ರ್. ಹಿಡಿ ಚೂರ್ ದೊಡ್ಡದ್ ಆಯಿತ್, ಅಷ್ಟೇ.” ಯಾರ ಹಿಡಿ ಎಂದು ಹೇಳಲಿಲ್ಲ. ಶಾಮರಾಯರು ಆಕಾಶ ನೋಡುತ್ತಿದ್ದರು.

ನಿಖಿತಾ ಬಾಟಲಿಯನ್ನು ತಳಕ್ಕೆ ಇಳಿಸಿದಳು, ಬಡಗು ಮೂಲೆಗೇ ಇಳಿಸಿದಳು. ಫ್ಲಾಸ್ಕಿನಲ್ಲಿ ಅರಿಸಿನ ಎದ್ದಿತು. ಹನಿ ಶುರುವಾಯಿತು. ಮೂವತ್ತೆರಡು ಮನೆಯವರು ಉಸಿರು ಹಿಡಿದು ನಿಂತರು. ಲಾರಿಯ ಡ್ರೈವರೂ ಇಳಿದು ಬಂದ. ಎರಡು, ಮೂರು, ನಾಲ್ಕು ಗೆರೆ. ಐದು. ಕೆಂಪು ಮಿಂಚು ಈಗ ತಡವಾಗಿ ಮಾಯವಾಗುತ್ತಿತ್ತು. ಚಂದ್ರಮತಿಯ ಗಂಟಲು ತುರಿಸಿತು. ಇಪ್ಪತ್ತೇಳು ವರ್ಷದ ಚಾಳಿ. ಸೆರಗು ಬಾಯಿಗೊತ್ತಿ ತಡೆದುಕೊಂಡಳು. ಇದು ಯಾರದ್ದೂ ಸಹಾಯ ಇಲ್ಲದೆ ಬರಬೇಕಾದ ಅಂಕಿ.

ನಿಖಿತಾ ತಾನೇ ಸರಿಯಾದ ಹನಿಗೆ ನಿಲ್ಲಿಸಿದಳು. ಗೆರೆಗೆ ಕಣ್ಣು ಸಮನಾಗಿ ಹಿಡಿದು ಓದಿದಳು. “ಐದು ಪಾಯಿಂಟ್ ಎಂಟು. ಅಂದರೆ ಐವತ್ತೆಂಟು ಮಿಲಿಗ್ರಾಮ್. ನಾನು ಈ ವರ್ಷ ನೋಡಿದ ಬಾವಿಗಳಲ್ಲಿ ಇಷ್ಟು ಒಳ್ಳೆಯ ನೀರು ಕಡಿಮೆ.”

ಬೊಬ್ಬೆ ಕಡಲಿನ ಸದ್ದನ್ನೂ ಮುಳುಗಿಸಿತು. ದುಗ್ಗಪ್ಪ ಮರಳಿನ ಲಾರಿಯನ್ನು ಹಿಂದಕ್ಕೆ ತಿರುಗಿಸಲು ತಾನೇ ನಿಂತು ಕೈ ಸನ್ನೆ ಮಾಡಿದ. ಸೂರ ಕೆಂಪು ಅಡ್ಡಗೀಟಿನ ಮೇಲೆ ಸುಣ್ಣ ಬಳಿದು, ಮೊಳದುದ್ದದ ನೀಲಿ ಅಂಕಿಯಲ್ಲಿ ‘೫೮’ ಎಂದು ಬರೆದ.

ಗದ್ದಲದ ನಡುವೆ ನಿಖಿತಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಅಕ್ಕ, ನಾನು ನಿಮ್ಮ ಕಾಲೇಜಿನವಳೇ. ಏಳು ವರ್ಷದ ಹಿಂದೆ, ಕಿಟಕಿ ಬದಿಯ ಮೇಜು. ನೀವು ಕೆಮ್ಮಿದ್ದಕ್ಕೆ ನಾನು ಪಾಸು. ಇವತ್ತು ಯಾಕೆ ಕೆಮ್ಮಲಿಲ್ಲ?”

“ಇವತ್ ನಿಂಗೆ ಬೇಡ ಇತ್ತ್” ಎಂದು ಚಂದ್ರಮತಿ ಒಂದು ಕೊಡ ಎಳೆದಳು. ಬೆರಳುಗಳಲ್ಲೆಲ್ಲ ಬೆಳ್ಳಿಯ ಕಪ್ಪು ಕಲೆ. “ಬೊಗ್ಸಿ ಹಿಡಿ. ಕುಡ್ದ್ ಕಾಣ್.”

ಅಷ್ಟರಲ್ಲಿ ಶಾಮರಾಯರು ಬೆಂಚು ಹತ್ತಿದ್ದರು. ಹಿಂದಿನ ದಿನದಿಂದ ಸುಮ್ಮನಿದ್ದದ್ದೇ ಅವರ ಪಾಲಿಗೆ ಉಪವಾಸ. “ಬಂಧುಗಳೇ! ಸಮಿತಿಯ ಸಕಾಲಿಕ ಕ್ರಮದಿಂದ, ನನ್ನ ಸಮರ್ಥ ಮಾರ್ಗದರ್ಶನದಲ್ಲಿ ಈ ಐತಿಹಾಸಿಕ ಬಾವಿಯು ಇಂದು ಪುನರ್ಜನ್ಮ ಪಡೆದಿದೆ. ಸಮುದ್ರರಾಜನನ್ನು ಹಿಮ್ಮೆಟ್ಟಿಸಿದ ಈ ಸುಸಂದರ್ಭದಲ್ಲಿ, ನಾನು ಅಧಿಕಾರ ವಹಿಸಿಕೊಂಡ ದಿನದಿಂದ ಆರಂಭಿಸಿ...” ಕಪ್ಪು ಬೆರಳು ಗಾಳಿಯಲ್ಲಿ ಮೇಲೆದ್ದಿತು.

ಚಂದ್ರಮತಿ ಒಮ್ಮೆ ಕೆಮ್ಮಿದಳು.

ನಿಖಿತಾ ಕುಡಿಯುತ್ತಿದ್ದ ನೀರು ನೆತ್ತಿಗೇರುವಷ್ಟು ನಕ್ಕಳು. ಶಾಮರಾಯರಿಗೆ ಆ ಕೆಮ್ಮಿನ ಅರ್ಥ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವರ ಬೆರಳು ತಾನಾಗಿ ಮಡಚಿತು, ಮಾತು ಅಲ್ಲಿಗೇ ನಿಂತಿತು. ಬೆಂಚಿನಿಂದ ಇಳಿದು ಬಂದು, ಉಳಿದವರ ಹಿಂದೆ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಅವರೂ ಬೊಗಸೆ ಒಡ್ಡಿದರು.